ಇಂದಿನ ಧಮ್ಮ ಚಿಂತನೆ: ಕಣ್ಣು ಮುಚ್ಚದ ಹುಡುಗ



ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಸಾವಕಾಶ ಓದಿರಿ. ಮನೆಯಲ್ಲಿ 13ರಿಂದ 18 ವರ್ಷದ ಮಕ್ಕಳು ಇರುವವರು, ಶಾಲೆ-ಹಾಸ್ಟೆಲಿನಲ್ಲಿ ಕೆಲಸ ಮಾಡುವವರು, ವಿಹಾರದಲ್ಲಿ ಮಕ್ಕಳ ವರ್ಗ ನಡೆಸುವವರು ಪೂರ್ತಿ ಓದಬೇಕೆಂದು ವಿನಂತಿ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಗಾಂಧಿ ಗಂಜಿನ ಹಿಂದಿನ ಓಣಿಯ ಒಂದು ಖೋಲಿಯಲ್ಲಿ ನಾವು ಭಾನುವಾರದ ಮಕ್ಕಳ ವರ್ಗ ಶುರು ಮಾಡಿದೆವು. ತ್ರಿಸರಣ, ಪಂಚಶೀಲ, ಬಾಬಾಸಾಹೇಬರ ಜೀವನದ ಒಂದು ಘಟನೆ, ಕೊನೆಗೆ ಇಪ್ಪತ್ತು ನಿಮಿಷ ಆನಾಪಾನ ಧ್ಯಾನ. ಬರುತ್ತಿದ್ದವರು ಹೆಚ್ಚಾಗಿ ಹೈಸ್ಕೂಲು, ಪಿಯುಸಿ ಮಕ್ಕಳು. ಕೆಲವರು ಬೀದರಿನವರೇ. ಕೆಲವರು ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲೋ ಬಾಡಿಗೆ ಖೋಲಿಯಲ್ಲೋ ಇದ್ದವರು. ಅಪ್ಪ-ಅವ್ವ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿದ್ದ ಮಕ್ಕಳೂ ಇದ್ದರು.

ಅವರಲ್ಲಿ ಒಬ್ಬ ಹುಡುಗ ಯಾವಾಗಲೂ ಬಾಗಿಲ ಹತ್ತಿರ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದ. ಪಾಠಕ್ಕೆ ಚುರುಕಾಗಿ ಉತ್ತರ ಕೊಡುತ್ತಿದ್ದ. ಧ್ಯಾನಕ್ಕೆ ಕೂತಾಗ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಹೊರಗೆ ಲಾರಿಯಿಂದ ಚೀಲ ದಪ್ಪೆಂದು ಬಿದ್ದರೆ ಅವನ ಹೆಗಲು ಜಿಗಿಯುತ್ತಿತ್ತು. ಮೂರು ವಾರ ಮೆಲ್ಲಗೆ ಹೇಳಿದೆ. ನಾಲ್ಕನೇ ವಾರ ಎಲ್ಲರ ಮುಂದೆಯೇ ಬೈದೆ: "ಎಲ್ಲಾರ ಕಣ್ಣ ಮುಚ್ಯಾವ, ನಿಂದೊಂದೇ ಯಾಕ ತೆರದದ? ಬುದ್ಧನ ಮ್ಯಾಲ ವಿಶ್ವಾಸ ಇಲ್ಲೇನು?"

ಅವನು ಏನೂ ಅನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ.

ಬಳಗದ ಸಭೆಯಲ್ಲಿ ನಾನು "ಈಗಿನ ಹುಡುಗರಿಗೆ ಶಿಸ್ತು ಅನ್ನೂದೇ ಇಲ್ಲ" ಎಂದೆ. ನರ್ಸ್ ಕೆಲಸ ಮಾಡುವ ನಮ್ಮ ತಂಗಿಯೊಬ್ಬಳು ಕೇಳಿದಳು: "ಅಣ್ಣಾ, ಕಣ್ಣ ಮುಚ್ಚಿದ್ರ ಅವಗ ಏನ ಕಾಣಸ್ತದ ಅಂತ ವಿಚಾರ ಮಾಡೀರೇನು?"

ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿನ ಚಿಂತನೆಯ ಪ್ರಶ್ನೆ ಅಲ್ಲಿಂದ ಹುಟ್ಟಿತು: ನಮ್ಮನ್ನು ನಂಬು ಎಂದು ಮಕ್ಕಳಿಗೆ ಒತ್ತಾಯ ಮಾಡುವ ಹಕ್ಕು ದೊಡ್ಡವರಿಗೆ ಇದೆಯೇ? ಅಥವಾ ನಂಬಿಕೆಗೆ ಯೋಗ್ಯರಾಗುವ ಕರ್ತವ್ಯ ಮಾತ್ರ ನಮ್ಮ ಪಾಲಿಗೆ ಇದೆಯೇ?

ನಾನು ಗಂಜಿನಲ್ಲಿ ಲೆಕ್ಕ ಬರೆದು ಬದುಕಿದವನು. ಅಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ತೊಗರಿ, ಹೆಸರು, ಸೋಯಾ ಮಾರಲು ಹಳ್ಳಿಯಿಂದ ರೈತರು ಬರುತ್ತಾರೆ. ಒಮ್ಮೆ ತೂಕದಲ್ಲಿ ಮೋಸ ಹೋದ ರೈತ ಮುಂದಿನ ಸಲ ಅಡತಿ ಅಂಗಡಿಗೆ ಬಂದಾಗ ಚಹಾ ಕೊಟ್ಟರೂ ಕುಡಿಯುವುದಿಲ್ಲ, ಕುರ್ಚಿ ಕೊಟ್ಟರೂ ಕೂಡುವುದಿಲ್ಲ. ಕಾಟಾದ ಪಕ್ಕದಲ್ಲೇ ನಿಂತು ಪ್ರತಿ ಚೀಲದ ತೂಕ ತಾನೇ ನೋಡುತ್ತಾನೆ. ಅವನನ್ನು ನಾವು ಶಿಸ್ತಿಲ್ಲದವನು ಅನ್ನುತ್ತೇವೆಯೇ? ಇಲ್ಲ, ಶಾಣ್ಯಾ ಅನ್ನುತ್ತೇವೆ. ಪೆಟ್ಟು ತಿಂದು ಕಲಿತ ಶಾಣ್ಯಾತನ ಅದು. ಅವನ ನಂಬಿಕೆ ಮರಳಬೇಕಾದರೆ "ನನ್ನ ನಂಬು" ಎಂದು ಹತ್ತು ಸಲ ಹೇಳಿದರೆ ಆಗದು. ಹತ್ತು ಸಲ ಸರಿಯಾಗಿ ತೂಗಬೇಕು, ಅವನ ಕಣ್ಣ ಮುಂದೆಯೇ ತೂಗಬೇಕು.

ಆ ಹುಡುಗನ ತೆರೆದ ಕಣ್ಣು ಕೂಡ ಅಂಥದ್ದೇ ಶಾಣ್ಯಾತನ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಆ ತಂಗಿ ನಮಗೆ ತಿಳಿಸಿ ಹೇಳಿದಳು. ದೊಡ್ಡ ಆಘಾತ ಆದವರ ದೇಹ ಅಪಾಯ ಮುಗಿದ ಮೇಲೂ ಕಾವಲು ಬಿಡುವುದಿಲ್ಲ. ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಭಾಗ ಸಣ್ಣ ಸದ್ದಿಗೂ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿಗಿಯುತ್ತದೆ, ಕೈಕಾಲು ಓಡಲು ಸಿದ್ಧವಾಗುತ್ತವೆ. ಕೆಲವರು ಇದಕ್ಕೆ ವಿರುದ್ಧವಾಗಿ ಕಲ್ಲಿನ ಹಾಗೆ ಮರಗಟ್ಟಿ ಕೂಡುತ್ತಾರೆ. ಅಂಥವರಿಗೆ ಕಣ್ಣು ಮುಚ್ಚಿ ಎದೆಯ ಉಸಿರು ನೋಡು ಎಂದರೆ, ಭಯ ಮನೆ ಮಾಡಿಕೊಂಡ ಜಾಗಕ್ಕೇ ಅವರನ್ನು ಒಂಟಿಯಾಗಿ ಕಳಿಸಿದ ಹಾಗೆ. ಹೊರಗಿನ ಕಾವಲು ನಿಂತ ಕ್ಷಣ ಒಳಗಿನ ನೆನಪು ನುಗ್ಗುತ್ತದೆ. ಈ ವಿಷಯದ ಮೇಲೆ ಡೇವಿಡ್ ಟ್ರೆಲೀವೆನ್ ಎಂಬವರು 2018ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಧ್ಯಾನವನ್ನು ಬಿಡಿರಿ ಎಂದು ಅವರು ಹೇಳುವುದಿಲ್ಲ. ಆಘಾತವನ್ನು ಅರಿತು ಕಲಿಸಿರಿ, ಇಲ್ಲದಿದ್ದರೆ ಔಷಧವೇ ನೋವು ಕೊಡಬಹುದು ಎನ್ನುವುದು ಅವರ ಮಾತಿನ ಸಾರ.

ಬ್ರಿಟನ್ನಿನಲ್ಲಿ ಎಂಬತ್ತಕ್ಕೂ ಹೆಚ್ಚು ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಹೊರಬಂತು. ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಪಾಠವಾಗಿ ಧ್ಯಾನ ಕಲಿಸಿದ್ದರಿಂದ, ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೊದಲೇ ಮನಸ್ಸಿನ ತೊಂದರೆಯ ಅಂಚಿನಲ್ಲಿದ್ದ ಕೆಲವು ಮಕ್ಕಳಿಗೆ ಅದು ಒಗ್ಗದೆ ಇರಬಹುದು ಎಂಬ ಸೂಚನೆಯೂ ಸಿಕ್ಕಿತು. ಇದನ್ನು ಕೇಳಿ ನಮ್ಮಲ್ಲಿ ಒಬ್ಬರು, "ಹಂಗಾದ್ರ ಬುದ್ಧರ ಮಾರ್ಗಾನೇ ತಪ್ಪೇನು?" ಎಂದರು.

ಬುದ್ಧರು ಈ ಪ್ರಶ್ನೆಯನ್ನು ತಮ್ಮ ಕಾಲದಲ್ಲೇ ಎದುರಿಸಿದ್ದಾರೆ. ವಿನಯ ಪಿಟಕದಲ್ಲಿ ಮತ್ತು ಸಂಯುತ್ತ ನಿಕಾಯದಲ್ಲಿ ವೈಶಾಲಿಯ ಒಂದು ಘಟನೆ ಇದೆ. ಬುದ್ಧರು ಭಿಕ್ಷುಗಳಿಗೆ ದೇಹದ ಅಶುಭವನ್ನು ನೋಡುವ ಧ್ಯಾನ ಹೇಳಿ, ಹದಿನೈದು ದಿನ ಏಕಾಂತಕ್ಕೆ ಹೋದರು. ಆ ಧ್ಯಾನ ಮಾಡಿದ ಹಲವು ಭಿಕ್ಷುಗಳು ತಮ್ಮ ದೇಹದ ಮೇಲೆಯೇ ಜಿಗುಪ್ಸೆಗೊಂಡು ಪ್ರಾಣ ಬಿಟ್ಟರು. ತಿರುಗಿ ಬಂದ ಬುದ್ಧರು ಸಂಘ ಕಡಿಮೆಯಾಗಿ ಕಾಣುವುದೇಕೆ ಎಂದು ಆನಂದರನ್ನು ಕೇಳಿದರು. ಆನಂದರು ನಡೆದದ್ದನ್ನು ಮುಚ್ಚಿಡದೆ ಹೇಳಿ, ಬೇರೆ ದಾರಿ ತೋರಿಸಿರಿ ಎಂದು ಬೇಡಿದರು. ಆಗ ಬುದ್ಧರು ಉಳಿದವರನ್ನೆಲ್ಲ ಸೇರಿಸಿ ಆನಾಪಾನ ಸತಿಯನ್ನು ಕಲಿಸಿದರು.

ಎಷ್ಟು ದೊಡ್ಡ ಮಾತು ನೋಡಿರಿ. ನಾವು ಮಕ್ಕಳ ಮೇಲೆ ಹೇರುತ್ತಿದ್ದ ಆನಾಪಾನವನ್ನು ಬುದ್ಧರು ಆ ದಿನ ಕಲಿಸಿದ್ದೇ, ಇನ್ನೊಂದು ಧ್ಯಾನ ಜನರಿಗೆ ನೋವು ಮಾಡಿತು ಎಂಬ ಕಾರಣಕ್ಕೆ. ಸತ್ತವರ ಶ್ರದ್ಧೆ ಕಡಿಮೆಯಿತ್ತು ಎಂದು ಅವರು ಹೇಳಲಿಲ್ಲ. ಅಭ್ಯಾಸವನ್ನೇ ಬದಲಿಸಿದರು. ಪಾಠ ಮಗುವಿಗೆ ಹೊಂದಬೇಕೇ ಹೊರತು ಮಗುವನ್ನು ಪಾಠಕ್ಕೆ ಬಗ್ಗಿಸಬಾರದು ಎಂಬುದಕ್ಕೆ ನಮಗೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಪಟಾಚಾರಳ ಕಥೆ ನಮ್ಮ ತಾಯಂದಿರಿಗೆಲ್ಲ ಗೊತ್ತು. ಗಂಡ, ಇಬ್ಬರು ಮಕ್ಕಳು, ತಂದೆ-ತಾಯಿ, ಅಣ್ಣ ಎಲ್ಲರನ್ನೂ ಕಳೆದುಕೊಂಡು, ಮೈಮೇಲಿನ ಬಟ್ಟೆಯ ಪರಿವೆಯೂ ಇಲ್ಲದೆ ಅವಳು ಜೇತವನಕ್ಕೆ ಬಂದಳು. ಜನ ಅವಳನ್ನು ತಡೆಯಲು ಹೋದರು. ಬುದ್ಧರು ಬರಲು ಬಿಡಿ ಎಂದರು. ಸಹೋದರಿ ಎಂದು ಕರೆದು ಎಚ್ಚರಕ್ಕೆ ಬರಲು ಹೇಳಿದರು. ಅವಳಿಗೆ ಅರಿವು ಮರಳಿದಾಗ ಸಭೆಯಲ್ಲಿದ್ದ ಒಬ್ಬ ತನ್ನ ಹೊದ್ದ ಬಟ್ಟೆಯನ್ನು ಅವಳಿಗೆ ಎಸೆದ. ಅವಳು ಮೈ ಮುಚ್ಚಿಕೊಂಡ ಮೇಲೆಯೇ ಧಮ್ಮದ ಬೋಧನೆ ಬಂತು. ಬಾಗಿಲು ತೆರೆಯುವುದು, ಮರ್ಯಾದೆಯ ಮಾತು, ಮೈಗೆ ಬಟ್ಟೆ, ಆಮೇಲೆ ಬೋಧನೆ. ನಾನು ಆ ಹುಡುಗನಿಗೆ ಮೊದಲಿನ ಮೂರನ್ನೂ ಕೊಡದೆ ನಾಲ್ಕನೆಯದನ್ನು ಕೊಡಲು ಹೋಗಿದ್ದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇದೆ. ನಮ್ಮ ಬಳಗದ ಯುವಕನೊಬ್ಬ ಅದನ್ನು ಮುಖದ ಮೇಲೆಯೇ ಕೇಳಿದ: "ಕಾಕಾ, ಶಾಲೆಯಲ್ಲಿ ಬಾಬಾಸಾಹೇಬರನ್ನು ಗೋಣಿತಟ್ಟಿನ ಮೇಲೆ ಕೂಡಿಸಿದರು. ಅದಕ್ಕೆ ಉಸಿರು ನೋಡಿಕೋತ ಕೂಡೂದು ಉತ್ತರ ಏನು? ಇದು ನಮ್ಮ ಮಕ್ಕಳ ಸಿಟ್ಟನ್ನ ಆರಿಸೋ ಕೆಲಸ ಅಲ್ಲೇನು?"

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅನ್ಯಾಯ ಹಾಗೇ ಇರಲಿ, ನೀನು ಮಾತ್ರ ಶಾಂತನಾಗು ಎಂದು ಹೇಳುವ ಧ್ಯಾನ ನಮಗೆ ಬೇಡವೇ ಬೇಡ. ಬಾಬಾಸಾಹೇಬರು ನಮಗೆ ಕೊಟ್ಟ ಧಮ್ಮ ಅದಲ್ಲ. ದುಃಖಕ್ಕೆ ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯವೂ ಕಾರಣ ಎಂಬುದನ್ನು ಅವರು ಮರೆಯಗೊಡಲಿಲ್ಲ.

ಅವರದೇ ಬಾಲ್ಯ ನೋಡಿರಿ. ಒಂಬತ್ತು ವರ್ಷದ ಭೀಮರಾವ್ ಸಾತಾರಾದಿಂದ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಕೋರೆಗಾಂವಕ್ಕೆ ಹೊರಟರು. ಮಸೂರ್ ಸ್ಟೇಶನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಹಾರ ಮಕ್ಕಳು ಎಂದು ಗೊತ್ತಾದ ಮೇಲೆ ಗಾಡಿಯವರು ಹಿಂಜರಿದರು. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ. ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆ ಎಂಬ ಶರತ್ತು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ರಾತ್ರಿಯಿಡೀ ಬಾಯಾರಿಕೆ, ಭಯ. 1930ರ ದಶಕದಲ್ಲಿ, ನಲವತ್ತು ದಾಟಿದ ಮೇಲೆ, ದೇಶವೇ ತಿಳಿದ ನಾಯಕರಾದ ಮೇಲೆ ಅದನ್ನು ಬರೆಯಲು ಕೂತಾಗಲೂ ಆ ಗುರುತು ಮನಸ್ಸಿನಿಂದ ಅಳಿದಿಲ್ಲ ಎಂದೇ ಅವರು ಹೇಳಿದರು. ಆಘಾತ ಎಂದರೆ ಏನು ಎಂದು ತಿಳಿಯಲು ನಮಗೆ ವಿದೇಶದ ಪುಸ್ತಕಕ್ಕಿಂತ ಮೊದಲು 'ವೇಟಿಂಗ್ ಫಾರ್ ಎ ವೀಸಾ' ಇದೆ.

ಆ ನೆನಪು ಹೋಗಲಿಲ್ಲ. ಆದರೆ 20 ಮಾರ್ಚ್ 1927ರಂದು ಮಹಾಡದ ಚವದಾರ ಕೆರೆಯಲ್ಲಿ ಸಾವಿರಾರು ಜನರೊಂದಿಗೆ ಅವರು ನೀರು ಕುಡಿದರು. ಸಿಟ್ಟು ಆರಿರಲಿಲ್ಲ, ದಿಕ್ಕು ಸಿಕ್ಕಿತ್ತು. ಸಮ್ಮಾ ಸತಿ, ಅಂದರೆ ಸರಿಯಾದ ಎಚ್ಚರ, ಮಾಡಬೇಕಾದ ಕೆಲಸ ಇದು. ಸಿಟ್ಟು ಬಂದಿದೆ ಎಂದು ಗೊತ್ತಾಗುವುದು, ಅದು ಯಾರ ಮೇಲೆ, ಯಾಕೆ ಎಂದು ತಿಳಿಯುವುದು, ಅದು ತನ್ನನ್ನೇ ಸುಡದ ಹಾಗೆ ಹಿಡಿಯುವುದು. ಅಮೆರಿಕದ ಸರಕಾರಿ ಸಂಸ್ಥೆಯೊಂದು 2014ರಲ್ಲಿ ಆಘಾತ ಅರಿತ ಕೆಲಸಕ್ಕೆ 6 ತತ್ವ ಹಾಕಿಕೊಟ್ಟಿತು. ಮೊದಲನೆಯದು ಸುರಕ್ಷತೆ, ಎರಡನೆಯದು ನಂಬಿಕೆ ಮತ್ತು ಮುಚ್ಚುಮರೆ ಇಲ್ಲದ ನಡೆ. ಆರನೆಯದರಲ್ಲಿ ಇತಿಹಾಸದ ಗಾಯವನ್ನೂ ಗುರುತಿಸಬೇಕು ಎಂದಿದೆ. ಆದ್ದರಿಂದ ಗೋಣಿತಟ್ಟು ತೆಗೆಯುವುದು ಮೊದಲು, ಉಸಿರಿನ ಪಾಠ ಆಮೇಲೆ. ಶಾಲೆಯಲ್ಲಿ ಮಗುವಿಗೆ ಇವತ್ತೂ ಜಾತಿಯ ಹೆಸರಿನಲ್ಲಿ ಅವಮಾನ ಆಗುತ್ತಿದ್ದರೆ, ನಾವು ಮೊದಲು ಹೋಗಬೇಕಾದದ್ದು ಶಾಲೆಗೆ.

ಹಾಗಾದರೆ ನೊಂದ ಹರೆಯದ ಮಗುವಿನ ನಂಬಿಕೆ ಗಳಿಸುವುದು ಹೇಗೆ? ಅದಕ್ಕೂ ಬಾಬಾಸಾಹೇಬರ ಜೀವನದಲ್ಲೇ ಒಂದು ಉದಾಹರಣೆ ಇದೆ. ಮುಂಬೈಗೆ ಬಂದ ಮೇಲೆ ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಇಡೀ ಸಂಸಾರ. ಓದಲು ಜಾಗ ಇಲ್ಲ. ಹುಡುಗ ಭೀಮರಾವ್ ಸಂಜೆ ಚರ್ನಿ ರೋಡ್ ಉದ್ಯಾನದಲ್ಲಿ ಓದುತ್ತ ಕೂಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು ಈ ಹುಡುಗನನ್ನು ಗಮನಿಸಿದರು, ಮಾತಾಡಿಸಿದರು, ಓದಲು ಪುಸ್ತಕ ಕೊಟ್ಟರು. ಪರೀಕ್ಷೆ ಪಾಸಾದಾಗ ಸಮುದಾಯದವರು ಸೇರಿ ಮಾಡಿದ ಸನ್ಮಾನದಲ್ಲಿ ತಾವೇ ಬರೆದ ಬುದ್ಧ ಚರಿತ್ರೆಯನ್ನು ಕಾಣಿಕೆ ಕೊಟ್ಟರು. ಮುಂದೆ ಬರೋಡಾ ಮಹಾರಾಜರ ಸಹಾಯ ಸಿಗುವಂತೆ ಮಾಡಿದವರೂ ಅವರೇ. ಆ ಪುಸ್ತಕವೇ ತಮ್ಮನ್ನು ಬುದ್ಧರ ಕಡೆ ತಿರುಗಿಸಿತು ಎಂದು ಬಾಬಾಸಾಹೇಬರು 1956ರಲ್ಲಿ ತಮ್ಮ ಕೊನೆಯ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ನೆನೆದಿದ್ದಾರೆ.

ಕೇಳುಸ್ಕರರು ಮಾಡಿದ್ದರಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಹುಡುಗ ಇದ್ದಲ್ಲಿಗೆ ಹೋದರು. ಅವನು ಏನು ಓದುತ್ತಿದ್ದಾನೆ ಎಂದು ಗಮನಿಸಿದರು. ಒಮ್ಮೆ ಮಾತಾಡಿಸಿ ಮರೆತುಬಿಡಲಿಲ್ಲ, ವರ್ಷಗಳ ಕಾಲ ಜೊತೆಗೆ ನಿಂತರು. 14 ಅಕ್ಟೋಬರ್ 1956ರ ನಾಗಪುರದ ದೀಕ್ಷೆಗೂ ಒಬ್ಬ ಶಿಕ್ಷಕ ಉದ್ಯಾನದಲ್ಲಿ ಒಬ್ಬ ಹುಡುಗನನ್ನು ಮಾತಾಡಿಸಿದ್ದಕ್ಕೂ ಸಂಬಂಧ ಇದೆ. ನಾವೆಲ್ಲ ಆ ಮಾತುಕತೆಯ ಋಣದಲ್ಲಿದ್ದೇವೆ.

ಇದೆಲ್ಲ ಚರ್ಚೆ ಮಾಡಿ ನಮ್ಮ ವರ್ಗದಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ನಿಮಗೂ ಉಪಯೋಗವಾಗಬಹುದು.

1. ಇಪ್ಪತ್ತು ನಿಮಿಷದ ಬದಲು ಮೂರು ನಿಮಿಷ. ಏನು ಮಾಡಲಿದ್ದೇವೆ, ಎಷ್ಟು ಹೊತ್ತು ಎಂದು ಮೊದಲೇ ಹೇಳುತ್ತೇವೆ. ಹೇಳಿದ ಹೊತ್ತಿಗೆ ಮುಗಿಸುತ್ತೇವೆ.

2. ಕಣ್ಣು ಮುಚ್ಚುವುದು, ತೆರೆಯುವುದು ಅವರವರ ಇಷ್ಟ. ಬಾಗಿಲು ತೆರೆದಿರುತ್ತದೆ. ಎಲ್ಲಿ ಬೇಕಾದರೂ ಕೂಡಬಹುದು, ನಡುವೆ ಎದ್ದು ಹೋಗಬಹುದು, ತಿರುಗಿ ಬರಬಹುದು. ಯಾಕೆ ಎಂದು ಯಾರೂ ಕೇಳುವುದಿಲ್ಲ.

3. ಉಸಿರು ಒಗ್ಗದಿದ್ದರೆ ನೆಲಕ್ಕೆ ಊರಿದ ಪಾದ ಗಮನಿಸಬಹುದು, ಅಂಗೈ ಗಮನಿಸಬಹುದು, ಹೊರಗಿನ ಸದ್ದು ಕೇಳಬಹುದು, ಮೆಲ್ಲಗೆ ನಡೆಯಬಹುದು. ಸತಿಪಟ್ಠಾನ ಸುತ್ತದಲ್ಲಿ ನಡೆಯುವುದು, ನಿಲ್ಲುವುದು, ಕೂಡುವುದು ಎಲ್ಲವೂ ಎಚ್ಚರದ ಅಭ್ಯಾಸವೇ.

4. ಕೇಳದೆ ಬೆನ್ನು, ತಲೆ ಮುಟ್ಟುವುದಿಲ್ಲ. ಪ್ರೀತಿಯಿಂದಲೂ ಮುಟ್ಟುವುದಿಲ್ಲ.

5. "ನಿನಗೇನಾಗಿದೆ, ಹೇಳು" ಎಂದು ಕೆದಕುವುದಿಲ್ಲ. ತಾನಾಗಿ ಹೇಳಿದರೆ ಕೇಳುತ್ತೇವೆ. ಹೇಳಿದ್ದನ್ನು ಮನೆಯಲ್ಲಿ, ಗ್ರೂಪಿನಲ್ಲಿ ಹರಟೆ ಮಾಡುವುದಿಲ್ಲ.

6. ಆದರೆ "ಯಾರಿಗೂ ಹೇಳಲ್ಲ" ಎಂಬ ಸುಳ್ಳು ಆಣೆ ಮಾಡುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ವರದಿ ಮಾಡಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಇದನ್ನು ಮಗುವಿಗೆ ಮೊದಲೇ ಹೇಳಿಬಿಡುತ್ತೇವೆ: "ನಿನಗೆ ಅಪಾಯ ಇದ್ರ ನಾನು ಒಬ್ಬನೇ ಇಟ್ಕೊಳ್ಳಾಕ ಆಗೂದಿಲ್ಲ. ಆದ್ರ ಯಾರಿಗೆ ಹೇಳ್ತೀನಿ ಅಂತ ನಿನಗ ಹೇಳೇ ಹೇಳ್ತೀನಿ."

ಆರನೆಯದರ ಬಗ್ಗೆ ನಮ್ಮಲ್ಲಿ ತುಂಬ ವಾದ ನಡೆಯಿತು. ಹೀಗೆ ಹೇಳಿದರೆ ಮಕ್ಕಳು ಬಾಯಿಯೇ ಬಿಡುವುದಿಲ್ಲ ಎಂದರು ಕೆಲವರು. ಆಗಬಹುದು. ಆದರೆ ಆಣೆ ಮಾಡಿ ಮುರಿದರೆ ಆ ಮಗು ಮುಂದೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಸುಳ್ಳು ಹೇಳದಿರುವ ಶೀಲ ದೊಡ್ಡವರಿಗೆ ಬಹಳ ಕಷ್ಟವಾಗುವುದು ಮಕ್ಕಳ ಮುಂದೆಯೇ.

ಇನ್ನೊಂದು ಮಾತು. ನಾವು ವೈದ್ಯರಲ್ಲ. ಮಗು ಊಟ-ನಿದ್ದೆ ಬಿಟ್ಟಿದ್ದರೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತು ಆಡಿದರೆ, ಧ್ಯಾನ ಸಾಕು ಎಂದು ಕೂಡಬೇಡಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು-ರಾತ್ರಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ಮಕ್ಕಳಿಗೂ ಕೊಡಿರಿ. ನಮಗೆ ಹೇಳಲು ಮನಸ್ಸಿಲ್ಲದ್ದನ್ನು ಅವರು ಅಲ್ಲಿ ಹೇಳಬಹುದು.

ಇನ್ನು ಆ ಹುಡುಗ. ತಿಂಗಳಾದ ಮೇಲೆ ಗಂಜಿನಲ್ಲೇ ಸಿಕ್ಕ. ಸೂಟಿಯಲ್ಲಿ ಯಾವುದೋ ಅಂಗಡಿಯ ಚೀಲ ಎಣಿಸುವ ಕೆಲಸಕ್ಕೆ ಬಂದಿದ್ದ. "ಯಾಕ ಬರಲಿಲ್ಲ?" ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡು, "ಅವತ್ತ ಎಲ್ಲಾರ ಮುಂದ ನಿನಗ ಬೈದೆ. ತಪ್ಪು ನಂದು. ಕ್ಷಮಿಸು" ಎಂದೆ. ಅರವತ್ತರ ಹತ್ತಿರ ಬಂದ ನನಗೆ, ಹದಿನೈದರ ಹುಡುಗನ ಮುಂದೆ ಆ ಮಾತು ಹೇಳುವುದು ಸುಲಭವಾಗಿರಲಿಲ್ಲ. ಅವನು ಚೀಲಗಳ ಕಡೆ ನೋಡುತ್ತಲೇ "ಹೂಂ ಕಾಕಾ" ಎಂದ. ಅಷ್ಟೇ.

ಮೂರು ಭಾನುವಾರ ಬರಲಿಲ್ಲ. ನಾಲ್ಕನೆಯ ಭಾನುವಾರ ಬಂದು ಬಾಗಿಲ ಹತ್ತಿರ ಕೂತ. ಈಗ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವನು ಅವನೇ. ಸಣ್ಣ ಹುಡುಗರಿಗೆ ಪಂಚಶೀಲ ಹೇಳಿಕೊಡುತ್ತಾನೆ. ಧ್ಯಾನಕ್ಕೆ ಕೂತಾಗ ಇವತ್ತಿಗೂ ಕಣ್ಣು ಮುಚ್ಚುವುದಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ. ಗೊತ್ತಾಗಲೇಬೇಕು ಎಂಬ ಹಟ ಬಿಡಲು ನನಗೆ ಬಹಳ ದಿನ ಬೇಕಾಯಿತು. ಅವನ ಗುಟ್ಟು ನನಗೆ ತಿಳಿದರೆ ಮಾತ್ರ ಅವನು ನನ್ನನ್ನು ನಂಬಿದಂತೆ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಅವನು ಪ್ರತಿ ವಾರ ಬರುತ್ತಾನೆ, ಅದೇ ಸಾಕು.

ಈಗ ನಾನೂ ಧ್ಯಾನದ ಹೊತ್ತಿನಲ್ಲಿ ಕಣ್ಣು ತೆರೆದೇ ಕೂಡುತ್ತೇನೆ. ಕಣ್ಣು ಮುಚ್ಚಿದ ಮಕ್ಕಳಿಗೆ ಒಬ್ಬರು ಕಾವಲು ಬೇಕಲ್ಲ. ಆ ಮೂರು ನಿಮಿಷ ಕಾವಲು ಕಾಯುವವರು ಇಬ್ಬರು, ಅವನು ಮತ್ತು ನಾನು.

ಇಂದಿನ ಅಭ್ಯಾಸ: ನಿಮ್ಮ ಮನೆಯ, ನಿಮ್ಮ ಓಣಿಯ ಹರೆಯದ ಒಂದು ಮಗುವನ್ನು ನೆನೆಯಿರಿ. ಅದಕ್ಕೆ ಕೊಟ್ಟು ಮರೆತ ಒಂದು ಮಾತು ಇದ್ದರೆ ಇವತ್ತು ನಡೆಸಿಕೊಡಿರಿ. ಬೇಡವಾದ ಒಂದು ಬೈಗುಳ ಆಡಿದ್ದರೆ ಇವತ್ತು ಕ್ಷಮೆ ಕೇಳಿರಿ. ಪ್ರತಿಯಾಗಿ ಏನನ್ನೂ ಕೇಳಬೇಡಿರಿ.

ನಮೋ ಬುದ್ಧಾಯ. ಜೈ ಭೀಮ್.

(ಉಪಯೋಗ ಅನಿಸಿದರೆ ಮಕ್ಕಳ ಜೊತೆ ಕೆಲಸ ಮಾಡುವ ಬಂಧುಗಳಿಗೆ ಕಳಿಸಿರಿ.)